ಎಡಗೈಯಲ್ಲಿ ಬರೆದ ಚೀಟಿ

ನಾನು ಹುಟ್ಟು ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೆ ಹೆದರುತ್ತೇನೆ, ಅಂಚೆಯವನು ಗೇಟು ತೆಗೆದರೆ ಹೆದರುತ್ತೇನೆ. ಯಾರಾದರೂ "ನಿಮ್ಮ ಹತ್ತಿರ ಸ್ವಲ್ಪ ಮಾತಾಡುವುದಿತ್ತು" ಅಂದರೆ ಅವರು ಮುಂದಿನ ಮಾತಿಗೆ ಬಾಯಿ ತೆರೆಯುವ ಮೊದಲೇ ನನ್ನ ಅಂಗೈ ಬೆವರಿರುತ್ತದೆ. ಇಂಥವಳು ಆರು ವರ್ಷ ಮಾಡಿದ ಕೆಲಸ ಏನು ಗೊತ್ತೇ? ಊರೂರು ತಿರುಗಿ "ನಿಮಗೆ ಯಾವುದರ ಹೆದರಿಕೆ? ಧೈರ್ಯವಾಗಿ ಹೇಳಿ" ಎಂದು ಬೇರೆಯವರನ್ನು ಕೇಳುವುದು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅನ್ನುತ್ತಾರಲ್ಲ, ಆ ಬದನೆಕಾಯಿಯನ್ನು ಸಂಬಳಕ್ಕೆ ತಿಂದವಳು ನಾನು.

ತೊಂಬತ್ತರ ದಶಕದ ಕೊನೆಯ ಮಾತು. ಶಿರಸಿಯಲ್ಲಿ ದೇವಿಕೆರೆ ಹತ್ತಿರ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಎರಡು ಕೋಣೆಗಳ ಆಫೀಸು. ಅದರಲ್ಲಿ ಇದ್ದವರೂ ಇಬ್ಬರೇ: ಮಾಸ್ತರು ಮತ್ತು ನಾನು. ಮಾಸ್ತರು ಹೈಸ್ಕೂಲಿನ ಮುಖ್ಯಾಧ್ಯಾಪಕರಾಗಿ ನಿವೃತ್ತರಾದವರು. ಮೂವತ್ತು ವರ್ಷ ಸುತ್ತಮುತ್ತಲಿನ ಎಲ್ಲ ಸಂಘಗಳ ಕಮಿಟಿಯಲ್ಲಿ ಕೂತು, ಒಳ್ಳೆಯ ಸಂಘಗಳು ಜಗಳವಾಡಿ ಒಡೆದುಹೋದದ್ದನ್ನು ನೋಡಿ ನೋಡಿ, ಅವರ ತಲೆಗೆ ಒಂದು ಹುಚ್ಚು ಹತ್ತಿತ್ತು. ಮಕ್ಕಳಿಗೆ ಕಲಿಸಬಹುದಾದರೆ ಸಂಸ್ಥೆಗಳಿಗೂ ಕಲಿಸಬಹುದು ಎಂಬ ಹುಚ್ಚು. ಧಾರವಾಡಕ್ಕೆ, ಪುಣೆಗೆ ಹೋಗಿ ತರಬೇತಿ ಪಡೆದು ಬಂದರು. ಸಂಘ ಸಂಸ್ಥೆಗಳಿಗೆ ಮುಂದಿನ ಐದು ವರ್ಷದ ಯೋಜನೆ ಹಾಕಿಕೊಡುವುದು, ಮುಂದಾಳುಗಳನ್ನು ತಯಾರು ಮಾಡಿಕೊಡುವುದು, ಇದು ನಮ್ಮ ಕಸುಬು.

ಇದನ್ನು ನಮ್ಮೂರು ಹುಲಗೋಳದಲ್ಲಿ ಅಪ್ಪನಿಗೆ ಅರ್ಥ ಮಾಡಿಸುವಷ್ಟರಲ್ಲಿ ನನಗೆ ಸಾಕಾಗಿತ್ತು.

"ಎಂತ ಕೆಲ್ಸನೆ ಕೂಸೆ ಅದು? ಸಂಸ್ಥೆಗೆ ಜಾತಕ ಬರದು ಕೊಡದ?" ಎಂದು ಕೇಳಿದ.

"ಹಂಗೇ ತಿಳ್ಕ" ಅಂದೆ.

"ಹಂಗಾರೆ ಫಲ ತಪ್ಪಿದ್ರೆ ಬೈಸ್ಕಂಬವೂ ನಿಂಗವೇ ಹೇಳಾತು" ಎಂದು ನಕ್ಕು ಎಲೆಯಡಿಕೆಯ ಕವಳ ಹಾಕಿಕೊಂಡ. ಅಪ್ಪ ನಕ್ಕರೂ ನನಗೆ ಆ ಮಾತಿಗೂ ಒಂದು ಸಣ್ಣ ನಡುಕ ಬಂದಿತ್ತು.

ಮಾಸ್ತರ ಪದ್ಧತಿ ವಿಚಿತ್ರ. ಒಂದು ಸಂಸ್ಥೆಗೆ ಹೋದರೆ ಮೊದಲು ಅದರ ಯಜಮಾನರನ್ನು ಕೋಣೆಯಿಂದ ಆಚೆ ಕಳಿಸುತ್ತಿದ್ದರು. ಉಳಿದವರಿಗೆ ಮೂರು ಮೂರು ಚೀಟಿ ಕೊಟ್ಟು, ಸಂಸ್ಥೆಯ ವಿಷಯದಲ್ಲಿ ತಮಗಿರುವ ಮೂರು ಹೆದರಿಕೆ ಬರೆಯಲು ಹೇಳುವುದು. ಹೆಸರು ಬರೆಯುವಂತಿಲ್ಲ. ಅಕ್ಷರದ ಗುರುತು ಸಿಗಬಾರದೆಂದು ಎಲ್ಲರೂ ಎಡಗೈಯಲ್ಲೇ ಬರೆಯಬೇಕು. ದೊಡ್ಡ ದೊಡ್ಡ ಸೆಕ್ರೆಟರಿಗಳು ನಾಲಿಗೆ ಕಚ್ಚಿಕೊಂಡು ಒಂದನೇ ಕ್ಲಾಸಿನ ಮಕ್ಕಳ ಹಾಗೆ ಅಕ್ಷರ ತೀಡುವುದನ್ನು ನೋಡುವುದೇ ಒಂದು ಮಜ. ನಗುತ್ತ ನಗುತ್ತ ನಿಜ ಬರೆದುಬಿಡುತ್ತಿದ್ದರು. ಬರೆದದ್ದನ್ನು ನಾನು ಒಟ್ಟುಮಾಡಿ ಕಲಸಿ ಗೋಡೆಗೆ ಅಂಟಿಸುವುದು. ಮಧ್ಯಾಹ್ನ ಯಜಮಾನರು ಒಳಗೆ ಬಂದು ಒಂದೊಂದನ್ನೂ ಗಟ್ಟಿಯಾಗಿ ಓದುವುದು. ಗೋಡೆಗೆ ಹತ್ತಿದ ಚೀಟಿಯನ್ನು ಆಮೇಲೆ ಯಾರೂ ಮುಟ್ಟಬಾರದು. "ಅದು ಬರೆದವರದ್ದು, ತಂಗಿ. ನಮ್ಮದಲ್ಲ" ಎಂದು ಮಾಸ್ತರು ನನಗೆ ಮೊದಲ ದಿನವೇ ಹೇಳಿದ್ದರು.

ಚೀಟಿಗೆ ಮಾಸ್ತರು ಹಳೆಯ ಪ್ರಶ್ನೆಪತ್ರಿಕೆಗಳ ಬೆನ್ನನ್ನು ಕತ್ತರಿಸಿ ಬಳಸುತ್ತಿದ್ದರು. ನನಗೆ ಅದು ದರಿದ್ರ ಅನ್ನಿಸುತ್ತಿತ್ತು. ಧಾರವಾಡದ ಒಂದು ತರಬೇತಿಯಲ್ಲಿ ಬಣ್ಣ ಬಣ್ಣದ ಕಾಗದ ನೋಡಿ ಬಂದವಳು, ನಾವೂ ಹಾಗೆಯೇ ಮಾಡೋಣ, ಒಂದೊಂದು ತಾಲೂಕಿನವರಿಗೆ ಒಂದೊಂದು ಬಣ್ಣ ಕೊಟ್ಟರೆ ಎಲ್ಲಿಯವರ ಮನಸ್ಸು ಹೇಗಿದೆ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ ಎಂದು ಹಟ ಹಿಡಿದೆ. ಮಾಸ್ತರು "ಬಣ್ಣ ಎಂತಕ್ಕೆ?" ಎಂದು ಗೊಣಗಿ, ಹುಡುಗಿಯ ಉತ್ಸಾಹಕ್ಕೆ ತಣ್ಣೀರು ಹಾಕುವುದು ಬೇಡವೆಂದು ಬಿಟ್ಟರು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಆ ವರ್ಷ ನಮ್ಮನ್ನು ಕರೆದದ್ದು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ಬಾಲವಾಡಿ, ಮಹಿಳಾ ಸಂಘ ನಡೆಸುತ್ತಿದ್ದ ಒಂದು ಸಂಸ್ಥೆ. ಶಿರಸಿಯಲ್ಲಿ ಅವರದೊಂದು ಹೆಣ್ಣುಮಕ್ಕಳ ಹಾಸ್ಟೆಲ್ಲೂ ಇತ್ತು. ಇಪ್ಪತ್ತೈದು ವರ್ಷದ ಹಿಂದೆ ಸೈಕಲ್ ಮೇಲೆ ತಿರುಗಿ ಅದನ್ನು ಕಟ್ಟಿದವರನ್ನು ಎಲ್ಲರೂ ದೊಡ್ಡೋರು ಎನ್ನುತ್ತಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ಬೆಳ್ಳನೆ ಖಾದಿ, ನೆಟ್ಟಗಿನ ಬೆನ್ನು. ದೊಡ್ಡೋರ ನಂತರ ಯಾರು ಎಂಬ ಪ್ರಶ್ನೆ ಎಲ್ಲರ ಹೊಟ್ಟೆಯಲ್ಲಿತ್ತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರೂ ಇರಲಿಲ್ಲ. ಒಳ್ಳೆಯವರೇ ಅವರು, ಆದರೆ ಎದುರು ಮಾತು ತಡೆಯುತ್ತಿರಲಿಲ್ಲ. ಹಿಂದಿನ ವರ್ಷ ಸಭೆಯಲ್ಲಿ ವಾದ ಮಾಡಿದ ಗುಮಾಸ್ತರೊಬ್ಬರು ಮರುವಾರದಿಂದ ಕಾಣಿಸಲೇ ಇಲ್ಲ ಎಂದು ನಮಗೆ ಮೊದಲೇ ಕಿವಿಗೆ ಬಿದ್ದಿತ್ತು.

ಸಭೆಯ ದಿನ ಸಂಸ್ಥೆಯ ಹಾಲ್‌ನಲ್ಲಿ ಶಿರಸಿಯವರು ಏಳು ಮಂದಿ, ಸಿದ್ದಾಪುರದವರು ಆರು. ಯಲ್ಲಾಪುರದಿಂದ ಬರಬೇಕಾಗಿದ್ದವರ ಬಸ್ಸು ಮಂಚಿಕೇರಿ ಹತ್ತಿರ ಕೆಟ್ಟು ನಿಂತು, ಅವರು ಹಿಂದಕ್ಕೆ ಹೋದರು. ಆ ಕಡೆಯಿಂದ ಇದ್ದವಳು ಒಬ್ಬಳೇ. ನಂದೊಳ್ಳಿಯ ಒಕ್ಕಲು ಮನೆಯ ಹೆಂಗಸು, ನಲವತ್ತರ ಹತ್ತಿರ, ಯಲ್ಲಾಪುರದ ಬಾಲವಾಡಿಗಳನ್ನೆಲ್ಲ ನೋಡಿಕೊಳ್ಳುತ್ತಿದ್ದಳು. ಒಂಬತ್ತನೇ ಕ್ಲಾಸಿನ ಮಗಳು ಇದೇ ಸಂಸ್ಥೆಯ ಹಾಸ್ಟೆಲಿನಲ್ಲಿದ್ದುದರಿಂದ ಹಿಂದಿನ ದಿನವೇ ನೋಡಲು ಬಂದಿದ್ದಳು. ಗಂಡನಿಗೆ ಸೊಂಟದ ಬೇನೆ, ಮನೆ ನಡೆಯುತ್ತಿದ್ದುದು ಅವಳ ಕೆಲಸದ ಮೇಲೆ. ಇಷ್ಟನ್ನೂ ಬೆಳಿಗ್ಗೆ ಚಹಾ ಕುಡಿಯುವಾಗ ಅವಳೇ ನನಗೆ ಹೇಳಿದ್ದಳು.

ಮಾಸ್ತರು ಹೆದರಿಕೆಯ ಪ್ರಶ್ನೆ ಹೇಳಿದರು. ನಾನು ಯಂತ್ರದ ಹಾಗೆ ಶಿರಸಿಯವರಿಗೆ ಬಿಳಿ, ಸಿದ್ದಾಪುರದವರಿಗೆ ಹಳದಿ, ಯಲ್ಲಾಪುರಕ್ಕೆ ಗುಲಾಬಿ ಎಂದು ಹಂಚುತ್ತ ಹೋದೆ. ಎಡಗೈ ಆಟ ನಡೆಯಿತು. ಸಿದ್ದಾಪುರದ ಮುಖ್ಯ ಕಾರ್ಯಕರ್ತ, ದೊಡ್ಮನೆ ಎಂಬ ಊರಿನ ಕಡೆಯ ತೋಟದ ಮನೆಯ ಐವತ್ತರ ಮನುಷ್ಯ, ಬಾಯಿ ತುಂಬ ನಗೆ. "ಎಡಗೈಲಿ ಬರೆದ್ರೆ ನನ್ನ ಅಕ್ಷರ ಸುಧಾರ್ಸತ್ತು ಮಾಸ್ತರ್ರೆ, ಬಲಗೈದು ಇನ್ನೂ ಕೆಟ್ಟದ್ದು" ಎಂದು ಎಲ್ಲರನ್ನೂ ನಗಿಸಿದ. ಚೀಟಿಗಳೆಲ್ಲ ಬಂದವು. ಎಲ್ಲರೂ ಊಟಕ್ಕೆ ಎದ್ದರು. ಮಾಸ್ತರು ದೊಡ್ಡೋರ ಜೊತೆ ಪಕ್ಕದ ಕೋಣೆಯಲ್ಲಿ ಊಟಕ್ಕೆ ಕೂತರು. ನಾನೊಬ್ಬಳೇ ಗೋಡೆಗೆ ಅಂಟಿಸುತ್ತ ನಿಂತೆ.

ಹೆಚ್ಚಿನವು ಮಾಮೂಲು. ಹಂಚು ಒಡೆದಿದೆ, ಮಕ್ಕಳು ಕಡಿಮೆಯಾಗುತ್ತಿದ್ದಾರೆ, ಕಾನ್ವೆಂಟಿಗೆ ಹೋಗುತ್ತಿದ್ದಾರೆ. ಒಂದು ಚೀಟಿ ಅಂಟಿಸಿ, ಅದರ ಮೂಲೆ ಒತ್ತುವಾಗ ಓದಿದೆ. ಸೊಟ್ಟ ಅಕ್ಷರಗಳಲ್ಲಿ ಹೀಗಿತ್ತು:

"ದೊಡ್ಡೋರಿಗೆ ಮರೆವು ಶುರುವಾಗಿದೆ. ಎಲ್ಲರಿಗೂ ಗೊತ್ತು, ಹೇಳುವವರಿಲ್ಲ. ಡಾಕ್ಟರಿಗೆ ತೋರಿಸಬೇಕು. ಕೆಲಸ ಬೇರೆಯವರಿಗೆ ಕೊಡಬೇಕು. ಇಲ್ಲದಿದ್ದರೆ ಅವರೂ ಉಳಿಯುವುದಿಲ್ಲ, ಸಂಸ್ಥೆಯೂ ಉಳಿಯುವುದಿಲ್ಲ."

ಎಂಥ ಧೈರ್ಯ ಎಂದು ಮೊದಲು ಅನ್ನಿಸಿತು. ಎರಡು ಹೆಜ್ಜೆ ಹಿಂದೆ ಸರಿದು ಇಡೀ ಗೋಡೆ ನೋಡಿದೆ. ಬಿಳಿ, ಹಳದಿ, ಬಿಳಿ, ಹಳದಿ. ನಡುವೆ ಮೂರೇ ಮೂರು ಗುಲಾಬಿ. ಅದರಲ್ಲೊಂದು ಇದು.

ಹೆಸರು ಬರೆಯಬೇಡಿ, ಎಡಗೈಯಲ್ಲಿ ಬರೆಯಿರಿ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಮಾತು ಕೊಟ್ಟು, ಅವಳ ಹಣೆಯ ಮೇಲೆ ಬಣ್ಣ ಬಳಿದು ಕೂರಿಸಿದ್ದೆ. ಇನ್ನರ್ಧ ಗಂಟೆಯಲ್ಲಿ ದೊಡ್ಡೋರು ಬಂದು ಇದನ್ನು ಗಟ್ಟಿಯಾಗಿ ಓದುತ್ತಾರೆ. ಆಮೇಲೆ ಅವಳ ಕೆಲಸ? ಮಗಳ ಹಾಸ್ಟೆಲ್ಲು? ಗುಮಾಸ್ತರಿಗೆ ಒಂದು ವಾರ ಸಿಕ್ಕಿತ್ತು, ಇವಳಿಗೆ ಅಷ್ಟೂ ಸಿಗಲಿಕ್ಕಿಲ್ಲ.

ಮಾಸ್ತರಿಗೆ ಹೇಳಬಹುದಿತ್ತು. ಪಕ್ಕದ ಕೋಣೆಯ ಬಾಗಿಲವರೆಗೆ ಹೋದೆ. ದೊಡ್ಡೋರ ನಗು ಕೇಳಿಸಿತು, ಕಾಲು ಮುಂದೆ ಹೋಗಲಿಲ್ಲ. ಈಗ ಇಷ್ಟು ವರ್ಷದ ಮೇಲೆ ಸುಳ್ಳು ಬರೆದು ಏನು ಮಾಡಲಿ? ಅವಳ ಕೆಲಸ ಹೋದೀತೆಂಬ ಹೆದರಿಕೆ ಅರ್ಧ, ಬಣ್ಣದ ಹಟ ನನ್ನದೇ ಎಂದು ಮಾಸ್ತರು ಬೈದಾರೆಂಬ ಹೆದರಿಕೆ ಇನ್ನರ್ಧ. ಅವಳನ್ನಾದರೂ ಕೇಳೋಣವೆಂದು ಹಿತ್ತಿಲ ಕಡೆ ಇಣುಕಿದೆ. ಕಟ್ಟೆಯ ಮೇಲೆ ಮಗಳನ್ನು ಕೂರಿಸಿಕೊಂಡು, ತನ್ನ ತಟ್ಟೆಯ ಹಪ್ಪಳವನ್ನು ಅವಳಿಗೆ ಕೊಡುತ್ತಿದ್ದಳು. ಆ ಹುಡುಗಿಯ ಮುಖ ನೋಡಿದ ಮೇಲೆ ಕೇಳದೆ ಹಿಂದೆ ಬಂದೆ.

ಬಿಳಿ ಕಾಗದದ ಕಟ್ಟು ಮಾಸ್ತರ ಚೀಲದೊಳಗಿತ್ತು, ಚೀಲ ದೊಡ್ಡೋರ ಕೋಣೆಯಲ್ಲಿತ್ತು. ಮೇಜಿನ ಮೇಲೆ ಮಿಕ್ಕಿದ್ದು ಎರಡೋ ಮೂರೋ ಹಳದಿ ಹಾಳೆ. ಒಂದನ್ನು ಎಳೆದುಕೊಂಡು, ಎಡಗೈಯಲ್ಲಿ, ಅವಳು ಬರೆದದ್ದನ್ನೇ ಶಬ್ದ ಬಿಡದೆ ನಕಲು ಮಾಡಿದೆ. ಗುಲಾಬಿ ಚೀಟಿ ಕಿತ್ತು ಹಳದಿಯದನ್ನು ಅಂಟಿಸಿದೆ. ಕಿತ್ತದ್ದನ್ನು ಚೂರು ಚೂರು ಮಾಡಿ ಬ್ಲೌಸಿನೊಳಗೆ ತುರುಕಿಕೊಂಡೆ. ಅವಳ ಮಾತು ಉಳಿಯಿತು, ಅವಳೂ ಉಳಿದಳು, ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ಉಸಿರು ಬಿಟ್ಟೆ. ಹಳದಿಯವರು ಆರು ಮಂದಿ ಇದ್ದಾರಲ್ಲ, ಆರು ಜನರಲ್ಲಿ ಯಾರೆಂದು ಹುಡುಕುತ್ತಾರೆ?

ಊಟವಾದ ಮೇಲೆ ದೊಡ್ಡೋರು ಬಂದರು. ಕನ್ನಡಕ ಏರಿಸಿ, ಕೈ ಬೆನ್ನಿಗೆ ಕಟ್ಟಿ, ಒಂದೊಂದೇ ಓದುತ್ತ ನಡೆದರು. ಹಂಚಿಗೆ "ಖರೆ" ಅಂದರು. ಕಾನ್ವೆಂಟಿಗೆ ನಕ್ಕರು. ಆ ಚೀಟಿಯ ಮುಂದೆ ನಿಂತು ಗಟ್ಟಿಯಾಗಿ ಶುರುಮಾಡಿದವರ ದನಿ ನಡುವೆ ತಗ್ಗಿ, ಕೊನೆಯ ಸಾಲು ಕೇಳಿಸಲೇ ಇಲ್ಲ. ನನಗೆ ಉಸಿರಾಡಿದರೆ ಬ್ಲೌಸಿನೊಳಗಿನ ಕಾಗದ ಸದ್ದು ಮಾಡೀತೆಂದು ಹೆದರಿಕೆ.

ಅವರು ನನ್ನ ಕಡೆ ತಿರುಗಿದರು. "ಎಂತ ತಂಗಿ, ಚೀಟಿಗೆ ಬಣ್ಣ ಬೇರೆ ಬೇರೆ ಯಾಕೆ?"

"ಅದು... ಸುಮ್ಮನೆ..." ಎಂದು ತಡವರಿಸಿದೆ.

"ಹಳದಿ ನಮ್ದು, ಸಿದ್ದಾಪುರದ್ದು!" ಎಂದ ಆ ನಗೆಮುಖದ ಮನುಷ್ಯ, ಹಿಂದಿನ ಸಾಲಿನಿಂದ. "ಬಿಳಿ ಸಿರ್ಸಿದು, ಗುಲಾಬಿ ಯಲ್ಲಾಪುರದ್ದು. ನಮ್ಗೆ ಚೊಲೋ ಬಣ್ಣನೇ ಸಿಕ್ಕಿದ್ದು." ಮುಚ್ಚಿಡಲು ಏನೂ ಇಲ್ಲದವನು ಮಾತ್ರ ಹಾಗೆ ಹೇಳಬಲ್ಲ. ಇಕ್ಕಟ್ಟಿನ ಗಳಿಗೆಯನ್ನು ನಗಿಸಿ ಹಗುರ ಮಾಡುವ ಅಭ್ಯಾಸ ಅವನದು.

ದೊಡ್ಡೋರು ನಗಲಿಲ್ಲ. ಅವನನ್ನೇ ನೋಡಿದರು, ತುಂಬ ಹೊತ್ತು. ದೊಡ್ಡೋರ ನಂತರ ಯಾರು ಎಂದರೆ ಜನ ಆಡಿಕೊಳ್ಳುತ್ತಿದ್ದುದು ಅವನ ಹೆಸರನ್ನೇ ಎಂಬುದು ನನಗೆ ಆ ನೋಟದಲ್ಲಿ ನೆನಪಾಯಿತು. ಕೆಲಸ ಬೇರೆಯವರಿಗೆ ಕೊಡಬೇಕು ಎಂದು ಅವನೇ ಬರೆದ ಹಾಗಾಗಿತ್ತು.

ನಂದೊಳ್ಳಿಯ ಹೆಂಗಸು ಗೋಡೆಯ ಮೇಲೆ ಏನನ್ನೋ ಹುಡುಕುತ್ತಿದ್ದಳು. ಹಳದಿ ಚೀಟಿಯನ್ನು ನೋಡಿದಳು, ನನ್ನನ್ನು ನೋಡಿದಳು. ಕುರ್ಚಿಯಿಂದ ಅರ್ಧ ಎದ್ದಳು. ನಾನು ಎಲ್ಲರ ಎದುರೇ ಕಣ್ಣಲ್ಲಿ ಬೇಡ ಬೇಡ ಎಂದೆ. ಅವಳು ಮೆಲ್ಲನೆ ಕೂತಳು.

ಯೋಜನೆ ತಯಾರಾಯಿತು. ಮಾಸ್ತರು ಅದನ್ನು ಚೆಂದಾಗಿ ಬೈಂಡ್ ಮಾಡಿಸಿದರು. ಮುಂದಾಳುಗಳ ಎರಡನೇ ಸಾಲು ಎಂಬ ಪುಟದಲ್ಲಿ ದೊಡ್ಡೋರೇ ಹೆಸರು ಬರೆಸಿದರು. ಸಿದ್ದಾಪುರದವನ ಹೆಸರು ಇರಲಿಲ್ಲ. ಮೂರು ತಿಂಗಳಲ್ಲಿ ಅವನ ಕೈಯಿಂದ ಮಹಿಳಾ ಸಂಘಗಳನ್ನು ತೆಗೆದರು, ಆಮೇಲೆ ಬಾಲವಾಡಿಗಳನ್ನು. ಹದಿನೆಂಟು ವರ್ಷ ದುಡಿದ ಜಾಗದಲ್ಲಿ ಕೂರಲು ಕುರ್ಚಿ ಮಾತ್ರ ಉಳಿದಾಗ ಅವನೇ ಬಿಟ್ಟುಹೋದ. ಮಾಸ್ತರು "ಆ ಚೀಟಿ ಬರೆದವನು ಒಳ್ಳೇದೇ ಬರೆದಿದ್ದ, ಇವರಿಗೆ ತಾಳಿಕೊಳ್ಳಲಿಕ್ಕೆ ಆಗಲಿಲ್ಲ" ಎಂದು ಒಂದೆರಡು ಸಲ ನೊಂದುಕೊಂಡರು. ನಾನು ಫೈಲಿನಿಂದ ತಲೆ ಎತ್ತಲಿಲ್ಲ. ಆಫೀಸಿನ ಫೋನು ಬಡಿದುಕೊಂಡಾಗಲೆಲ್ಲ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಅವನು ಒಮ್ಮೆ ಸಿದ್ದಾಪುರ ಪೇಟೆಯಲ್ಲಿ ಎದುರಿಗೇ ಸಿಕ್ಕ. ನಾನೂ ತನ್ನ ಜಾತಿಯವಳೇ ಎಂದು ಮನೆಮಾತಿನಲ್ಲೇ ಆಡಿದ. ನಗೆ ಇರಲಿಲ್ಲ.

"ಆ ಚೀಟಿ ಆನು ಬರದ್ದಲ್ಲ, ತಂಗಿ. ಬರದ್ರೂ ತಪ್ಪಿಲ್ಲೆ, ಆದ್ರೆ ಆನಲ್ಲ. ಯಾರು ಬರದ್ದು ಹೇಳಿ ನಿಂಗೆ ಗೊತ್ತಿದ್ದಾ?"

"ಇಲ್ಲೆ" ಅಂದೆ. "ಗೊತ್ತಿಲ್ಲೆ."

ಅವನು ತಲೆ ಆಡಿಸಿ, ಅಪ್ಪನ ಆರೋಗ್ಯ ಕೇಳಿ ಹೋದ. ನಾನು ಪಕ್ಕದ ಅಂಗಡಿಯಲ್ಲಿ ಬೇಡದ ಬಾಚಣಿಗೆಯೊಂದನ್ನು ಕೊಂಡೆ, ಅವನು ತಿರುವು ದಾಟುವ ತನಕ ಅಲ್ಲಿ ನಿಲ್ಲಲು ನೆಪ ಬೇಕಿತ್ತು.

ಮಾಸ್ತರು ತೀರಿಕೊಂಡ ಮೇಲೆ ಆಫೀಸು ಮುಚ್ಚಿತು. ನಾನು ಶಿರಸಿಯಲ್ಲೇ ಶಾಲೆಯೊಂದಕ್ಕೆ ಸೇರಿಕೊಂಡೆ. ಆ ಸಂಸ್ಥೆಯೂ ಬಹಳ ಕಾಲ ನಡೆಯಲಿಲ್ಲ. ದೊಡ್ಡೋರು ಒಂದೇ ಸಭೆಗೆ ಎರಡು ದಿನ ಕರೆಯುವುದು, ಸಹಿ ಹಾಕಿದ್ದನ್ನು ಹಾಕಿಲ್ಲ ಅನ್ನುವುದು ಹೆಚ್ಚಾಗಿ, ಒಬ್ಬೊಬ್ಬರೇ ಬಿಟ್ಟರು. ಬಾಲವಾಡಿಗಳ ಹಿಂದೆ ಹಾಸ್ಟೆಲ್ಲೂ ಮುಚ್ಚಿತು. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು, ಒಂದು ಮದುವೆ ಮುಗಿಸಿ ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಶಿರಸಿ ಬಸ್ಸಿಗೆ ಕಾಯುತ್ತಿದ್ದೆ.

"ಚೀಟಿ ಅಕ್ಕೋರಲ್ಲೇನ್ರಿ ನೀವು?"

ನಂದೊಳ್ಳಿಯ ಹೆಂಗಸು. ಕೂದಲು ನರೆತಿತ್ತು, ಕೈಯಲ್ಲಿ ಫೈಲಿತ್ತು. ಈಗ ಪಂಚಾಯ್ತಿ ಮೆಂಬರ್ ಆಗಿದ್ದಳು. ಮಗಳು ಹುಬ್ಬಳ್ಳಿಯಲ್ಲಿ ನರ್ಸು ಎಂದಳು. "ಬರ್ರಿ, ಕೂತ್ಕೊಳ್ರಿ" ಎಂದು ಬೆಂಚಿನ ಮೇಲೆ ಜಾಗ ಮಾಡಿದಳು. ಓಡಿಹೋಗುವ ಹಾಗಿರಲಿಲ್ಲ. ಕೂತೆ. ಅವಳು ಕೇಳುವ ಮೊದಲೇ, ಇಷ್ಟು ವರ್ಷದ ಮಾತು ಒಮ್ಮೆಲೇ ಹೊರಬಿತ್ತು. ನಿಮ್ಮ ಕೆಲಸ ಉಳಿಸಲಿಕ್ಕೆ ಮಾಡಿದೆ, ಗುಲಾಬಿ ಬಣ್ಣ ನಿಮ್ಮದೊಂದೇ ಇತ್ತು, ನಿಮ್ಮ ಮಗಳ ಮುಖ ನೋಡಿ ಮಾಡಿದೆ ಎಂದೆಲ್ಲ.

ಅವಳು ಪೂರ್ತಿ ಕೇಳಿದಳು. ಕೋಪ ಮಾಡಲಿಲ್ಲ.

"ಗುಲಾಬಿ ನಂದೊಂದೇ ಅಂತ ನಂಗೆ ಗೊತ್ತಿರ್ಲಿಲ್ಲೇನ್ರಿ? ನೀವು ಕೈಯಾಗೆ ಇಡೋವಾಗ್ಲೇ ನೋಡಿದ್ದೆ. ನಾ ಬರ್ದಿದ್ದು ಅಂತ ಅವ್ರಿಗೆ ತಿಳೀಲಿ ಅಂತ್ಲೇ ಬರ್ದೆ."

ನಾನು ಕಣ್ಣು ತಪ್ಪಿಸಿ ಎದುರಿನ ಬಸ್ಸುಗಳ ಬೋರ್ಡು ಓದತೊಡಗಿದೆ.

"ನಂಗೆ ಅಕ್ಷರ ಕಲ್ಸಿದ್ದು ದೊಡ್ಡೋರು. ಮದ್ವೆ ಆಗಿ ಬಂದ ಮೇಲೆ, ರಾತ್ರಿ ಶಾಲೆಯಾಗೆ. ಬಾಯಲ್ಲಿ ಹೇಳಾಕೆ ನಾಲಿಗೆ ಏಳ್ತಿರ್ಲಿಲ್ಲ. ಬರದ್ರೆ, ನಾ ಬರದ್ದು ಅಂತ ಗೊತ್ತಾದ್ರೆ, ಅವ್ರು ಸಿಟ್ಟು ಮಾಡ್ತಿರ್ಲಿಲ್ಲ. ನನ್ನ ಕರದು ಕೇಳ್ತಿದ್ರು."

"ಮತ್ತೆ ಅವತ್ತು ಎದ್ದು ಯಾಕೆ ಹೇಳಲಿಲ್ಲ?" ಎಂದು ಕೇಳಿಯೇಬಿಟ್ಟೆ. ತಪ್ಪಿಗೆ ನನಗೊಬ್ಬಳು ಪಾಲುದಾರಳು ಬೇಕಾಗಿತ್ತೋ ಏನೋ.

"ಏಳಾಕೆ ಹೋದೆ. ನಿಮ್ಮ ಮುಖ ನೋಡ್ದೆ. ಓದ್ದವ್ರು ಇಷ್ಟು ಹೆದರ್ಯಾರೆ ಅಂದ್ರೆ ನಂಗೆ ತಿಳೀದೇ ಇದ್ದಿದ್ದು ಎಂತೋ ಇರ್ಬೇಕು ಅಂದ್ಕಂಡೆ. ಅಲ್ಲೀತನಕ ನಂಗೆ ಹೆದ್ರಿಕೆ ಇರ್ಲಿಲ್ಲ." ಫೈಲಿನ ದಾರ ಬಿಗಿಮಾಡುತ್ತ ಹೇಳಿದಳು: "ಎಂಟು ದಿನ ಬಿಟ್ಟು ಅವ್ರ ಮನೀಗೇ ಹೋಗಿ ಹೇಳ್ದೆ, ಅದು ನನ್ನ ಚೀಟಿ ಅಂತ. ನಂಬ್ಲಿಲ್ಲ. ಆ ಸಿದ್ದಾಪುರದವ್ನನ್ನ ಉಳ್ಸಾಕೆ ಸುಳ್ಳು ಹೇಳ್ತೀಯಾ, ನಿಂದು ಗುಲಾಬಿ, ಆ ಚೀಟಿ ಹಳದಿ, ನಂಗೆ ಎಲ್ಲಾ ನೆನಪೈತಿ ಅಂದ್ರು. ನನ್ನ ಮರೆವು ಎಲ್ಲೈತಿ ತೋರ್ಸು ಅಂತ ಕಣ್ಣಾಗೆ ನೀರು ತಂದ್ಕಂಡ್ರು. ನಾ ಏನ್ ಹೇಳ್ಲಿ?"

ಶಿರಸಿ ಬಸ್ಸು ಬಂತು. ಜನ ನುಗ್ಗಿದರು. ಅವಳು ಏಳಲಿಲ್ಲ, ನಾನೂ ಏಳಲಿಲ್ಲ.

"ಸಿದ್ದಾಪುರದವ್ರಿಗೆ ಹೇಳಿದೀರಾ?" ಎಂದು ಕೇಳಿದಳು.

"ಇಲ್ಲ."

"ನಾ ಒಬ್ಳೇ ಹೇಳಿದ್ರೆ ಅವ್ರೂ ನಂಬೂದಿಲ್ಲ. ನೀವು ಹೇಳ್ಬೇಕು." ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದಳು. "ನೀವೊಬ್ರೇ ಹೋಗೂದಿಲ್ಲ, ನಂಗೆ ಗೊತ್ತೈತಿ. ಐತವಾರ ಬೆಳಿಗ್ಗೆ ನಾ ಸಿರ್ಸಿಗೆ, ನಿಮ್ಮ ಶಾಲೆ ಎದ್ರಿಗೆ ಬರ್ತೆ. ಇಬ್ರೂ ಕೂಡಿ ದೊಡ್ಮನೆಗೆ, ಅವ್ರ ತೋಟದ ಮನೀಗೆ ಹೋಗುವಾ. ಬೈದ್ರೆ ನಾನೂ ಇರ್ತೆ."

ಶಾಲೆ ಎಲ್ಲಿದೆ ಎಂದು ಹೇಳಿ, "ನೋಡೋಣ" ಅಂದೆ.

ಆ ಭಾನುವಾರ ಅವಳು ಬಂದಳು. ನಮ್ಮ ಶಾಲೆಯ ಎದುರು ಹನ್ನೊಂದರವರೆಗೆ ನಿಂತಿದ್ದಳಂತೆ, ಜವಾನ ಸೋಮವಾರ ಹೇಳಿದ. ನಾನು ಮನೆಯಲ್ಲೇ ಇದ್ದೆ, ಬಾಗಿಲು ಹಾಕಿಕೊಂಡು.